ಒರೆಸಿದ್ದು ಒಂದೇ ಫೋನು

ಸೆಪ್ಟೆಂಬರ್ 22, ಸೋಮವಾರ

ಎಂದಿನಂತೆ ಮೂಲೆ ದರ್ಶಿನಿಯಲ್ಲಿ ಖಾಲಿ ದೋಸೆ, ಬೈಟು ಕಾಫಿ. ಇನ್ನರ್ಧ ಕುಡಿಯಲು ಯಾರೂ ಸಿಗಲಿಲ್ಲ, ಅದನ್ನೂ ನಾನೇ ಕುಡಿದೆ. ಆಫೀಸಿನ ಬೀಗ ತೆಗೆಯುವಷ್ಟರಲ್ಲಿ ಮುನಿಯಣ್ಣನವರ ಫೋನು. ಗೋವಿಂದರಾಜನಗರದ ಶಾಮಿಯಾನ ಮುನಿಯಣ್ಣ. ಕುರ್ಚಿ, ಪೆಂಡಾಲು, ಅಡುಗೆ ಪಾತ್ರೆ ಎಲ್ಲ ಬಾಡಿಗೆಗೆ. ಹೊಲ ಇದ್ದ ಕಡೆ ಲೇಔಟ್ ಎದ್ದ ಮೇಲೆ ಈ ದಂಧೆಗೆ ಇಳಿದವರು. ಕಾರ್ತಿಕದ ಮದುವೆಗಳೊಳಗೆ ಆ್ಯಪ್ ಬೇಕಂತೆ.

"ಸೇತು, ಹೋದ್ ವರ್ಷ ಎಷ್ಟ್ ಸೌಟು ಕಳ್ಕೊಂಡಿದೀನಿ ಗೊತ್ತೇನಪ್ಪ? ಯಾರ್ ಮನೆಗ್ ಊಟಕ್ಕೋದ್ರೂ ನನ್ ಸೌಟಲ್ಲೇ ನಂಗೆ ಸಾರು ಬಡಿಸ್ತಾವ್ರೆ."

ಕೆಲಸ ಇಷ್ಟು. ಲಾರಿಗೆ ತುಂಬುವ ಮುಂಚೆ ಸಾಮಾನು ಹರಡಿ ಫೋಟೊ ಹೊಡೆಯಬೇಕು. ಆ್ಯಪ್ ಎಣಿಸಬೇಕು. ವಾಪಸ್ ಬಂದಾಗ ಮತ್ತೆ ಫೋಟೊ, ಮತ್ತೆ ಎಣಿಕೆ. ಕಮ್ಮಿ ಇದ್ದರೆ ಕೆಂಪಗೆ ತೋರಿಸಬೇಕು. ಗೋಡೌನಿನವರ ಕೈಯಲ್ಲಿ ಅಗ್ಗದ ಆಂಡ್ರಾಯ್ಡ್. ಮುನಿಯಣ್ಣನ ಮಗಳು ದಿವ್ಯ, ಮತ್ತೆ ಮದುವೆ ಮನೆಯವರ ಕೈಯಲ್ಲಿ ಐಫೋನು. ಎರಡರಲ್ಲೂ ಓಡಬೇಕು.

ಅಲ್ಲಿಗೆ ಹಳೇ ಪ್ರಶ್ನೆ ಎದ್ದು ಕೂತಿತು. ನೇಟಿವ್ ಮಾಡುವುದೋ, ಕ್ರಾಸ್ ಪ್ಲಾಟ್‌ಫಾರ್ಮೋ? ಗಿರಾಕಿಗಳಿಗೆ ನಾನು ಬಿಡುವ ಡೈಲಾಗ್ ಒಂದಿದೆ. ಎರಡು ಮನೆಗೆ ಎರಡು ಒಲೆ ಹೂಡಿ ಅವರವರ ರುಚಿಗೆ ಬೇಯಿಸಿದರೆ ನೇಟಿವ್. ಒಂದೇ ಒಲೆಯಲ್ಲಿ ಬೇಯಿಸಿ ಎರಡೂ ಮನೆಗೆ ಬಡಿಸಿದರೆ ಕ್ರಾಸ್. ಕ್ಯಾಮೆರಾ ಜಾಸ್ತಿ ಬಳಸುವ ಕೆಲಸಕ್ಕೆ ಮೊದಲನೆಯದು ಗಟ್ಟಿ. ಆದರೆ ಒಂದು ಬಟನ್ ಜರುಗಿಸಬೇಕಾದರೂ ಎರಡು ಒಲೆ ಹತ್ತಿರ ಓಡಬೇಕು.

ನನ್ನ ಆಫೀಸಿನಲ್ಲಿ ಈ ಪ್ರಶ್ನೆಗೆ ಕಣ್ಣು ಮೂಗು ಬೇರೆ ಇದೆ. ಆಂಡ್ರಾಯ್ಡ್ ನೇಟಿವ್ ಅಂದರೆ ಕಲಾವತಿ. ಕ್ರಾಸ್ ಅಂದರೆ ರೇವಂತ್. ಇಬ್ಬರೂ ಎದುರು ಬದುರು ಕೂರುತ್ತಾರೆ. ಮಧ್ಯೆ ಒಂದು ಮನಿ ಪ್ಲಾಂಟು.

ಸೆಪ್ಟೆಂಬರ್ 24, ಬುಧವಾರ

ಲೆಕ್ಕ ಹಾಕಿ ಮುಗಿಸಿದೆ. ಎರಡು ಸಲ ಹಾಕಿದರೂ ಅದೇ ಉತ್ತರ. ಕ್ರಾಸ್.

ನೇಟಿವ್ ಅಂದರೆ ಐಫೋನಿಗೆ ಇನ್ನೊಬ್ಬರನ್ನು ತರಬೇಕು. ಮುನಿಯಣ್ಣ ಅದಕ್ಕೆ ಕೊಡುವ ಆಸಾಮಿಯಲ್ಲ. ಕ್ರಾಸ್ ಆದರೆ ರೇವಂತ್ ಒಬ್ಬನೇ ಸಾಕು. ಈ ಆ್ಯಪ್ ಹಾಗೆ ಆದರೆ ಉಳಿದ ಹಳೇ ಆ್ಯಪ್‌ಗಳನ್ನೂ ನಿಧಾನಕ್ಕೆ ಅದಕ್ಕೇ ತಿರುಗಿಸಬಹುದು. ಆಮೇಲೆ ಈ ಆಫೀಸಿನಲ್ಲಿ ಉಳಿಯುವುದು ಒಬ್ಬರ ಕೆಲಸ. ಕಲಾವತಿ ಕ್ರಾಸ್ ಕಲಿತಾಳು, ಬುದ್ಧಿ ಇದೆ. ಕಲಿತರೂ ಒಬ್ಬರ ಕೆಲಸಕ್ಕೆ ಇಬ್ಬರು.

ಹೇಳಿಬಿಡಬೇಕು. ಕರೆದು ಕೂರಿಸಿ, ಕಲಾವತಿ, ದಂಧೆ ಹೀಗಿದೆ, ಮೂರು ತಿಂಗಳು ಟೈಮ್ ತಗೋ, ಬೇರೆ ಕಡೆ ನಾನೇ ಹೇಳ್ತೀನಿ... ಇಷ್ಟೇ ಮಾತು. ಮಾಗಡಿ ರೋಡಿನಲ್ಲಿ ರೀಚಾರ್ಜ್ ಕೂಪನ್ ಮಾರುತ್ತಿದ್ದವನು ಮಾತಿನಿಂದಲೇ ಇಷ್ಟು ದೂರ ಬಂದವನು. ಇದೊಂದು ಮಾತು ಬರುತ್ತಿಲ್ಲ.

ಕಾರಣ ಗೊತ್ತು. ಮಾವನ ಪಾರ್ಶ್ವವಾಯು, ಮಗುವಿನ ಸ್ಕೂಲು ಅಂತ ವರ್ಷಗಟ್ಟಲೆ ಮನೆಯಲ್ಲಿದ್ದವಳು. ಎಲ್ಲೂ ಇಂಟರ್‌ವ್ಯೂಗೇ ಕರೆಯದಿದ್ದಾಗ ಕೆಲಸ ಕೊಟ್ಟವನು ನಾನು. ಪುಣ್ಯಕ್ಕಲ್ಲ, ಕಮ್ಮಿ ಸಂಬಳಕ್ಕೆ ಬಂದಳು ಅಂತ. ಅವಳಿಗೆ ಅದು ಗೊತ್ತಿಲ್ಲ. ಅವರ ಹೊಸ ಮನೆ ಗೃಹಪ್ರವೇಶದಲ್ಲಿ, ಕೆಂಗೇರಿಯಲ್ಲಿ, ಹೋಳಿಗೆ ಊಟ ಆದ ಮೇಲೆ ಮೈಕ್ ಇಲ್ಲದಿದ್ದರೂ ಭಾಷಣ ಮಾಡಿದ್ದೆ. "ನಮ್ಮ ಆಫೀಸ್ ಇರೋ ತನಕ ಕಲಾವತಿ ಇರ್ತಾರೆ, ಕಲಾವತಿ ಇರೋ ತನಕ ನಮ್ಮ ಆಫೀಸ್ ಇರುತ್ತೆ." ಅವಳ ಅತ್ತೆ ಕಣ್ಣು ಒರೆಸಿಕೊಂಡರು. ನನ್ನ ಬಾಯಿ ಎಲೆ ಅಡಿಕೆ ಹಾಕಿಕೊಂಡರೆ ನಿಲ್ಲುವುದಿಲ್ಲ.

ಈಗ ಒಂದು ಉಪಾಯ ಹೊಳೆದಿದೆ. ಇಬ್ಬರಿಗೂ ಒಂದೊಂದು ಸ್ಯಾಂಪಲ್ ಮಾಡಲು ಹೇಳುವುದು. ಮುನಿಯಣ್ಣನ ಗೋಡೌನಿನಲ್ಲಿ ಪರೀಕ್ಷೆ. ಅವರೇ ಆರಿಸಲಿ. ಕ್ರಾಸ್ ಅಗ್ಗ, ಅವರು ಅದನ್ನೇ ಆರಿಸುತ್ತಾರೆ. ನಾನು ಬೇಡ ಅಂದ ಹಾಗಾಗುವುದಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಇಬ್ಬರ ಸ್ಯಾಂಪಲ್ಲೂ ರೆಡಿ. ಎಣಿಸುವ ಒಳಗಿನ ಬುದ್ಧಿ ಇಬ್ಬರದೂ ಒಂದೇ. ಅದಕ್ಕೆ ಕ್ಯಾಮೆರಾದಿಂದ ಫೋಟೊ ತಂದು ಕೊಡುವ ದಾರಿ ಮಾತ್ರ ಬೇರೆ. ಆಫೀಸಿನ ಟೇಬಲ್ ಮೇಲೆ ಸ್ಪೂನು, ಲೋಟ, ಕೊನೆಗೆ ಕಡ್ಲೇಬೀಜ ಹರಡಿ ಎಣಿಸಿ ನೋಡಿದರು. ಇಬ್ಬರದೂ ಸರಿ ಬಂತು. ನಿಜ ಹೇಳಬೇಕೆಂದರೆ ಕಲಾವತಿಯದು ಕೈ ಅಲ್ಲಾಡಿದರೂ ಸರಿಯಾಗಿ ಎಣಿಸಿತು. ರೇವಂತನದಕ್ಕೆ ಫೋನು ಸ್ವಲ್ಪ ಹೊತ್ತು ಅಲ್ಲಾಡದೆ ನಿಲ್ಲಬೇಕು.

"ಅಕ್ಕಾ, ನಿಮ್ದು ರಾಕೆಟ್ಟು ಗುರು," ಅಂದ ರೇವಂತ್.

"ಅಕ್ಕ ಅಂತೀಯೋ, ಗುರು ಅಂತೀಯೋ, ಒಂದ್ ಡಿಸೈಡ್ ಮಾಡೋ."

"ಅಕ್ಕಗುರು."

ನಕ್ಕರು. ಇವಳದು ಚೆನ್ನಾಗಿದ್ದರೆ ಮುನಿಯಣ್ಣ ದುಡ್ಡು ಮರೆತು ಇದೇ ಇರಲಿ ಅಂದುಬಿಟ್ಟರೆ? ಆಸಾಮಿ ಸೌಟಿನ ವಿಷಯದಲ್ಲಿ ಸೆಂಟಿಮೆಂಟು.

ಮುನಿಯಣ್ಣ ಒಂದೇ ಥರದ ಎರಡು ಫೋನು ಕಳಿಸಿದ್ದಾರೆ, ಗೋಡೌನಿನವು. ಒಂದರಲ್ಲಿ ಇವಳ ಆ್ಯಪ್, ಇನ್ನೊಂದರಲ್ಲಿ ಅವನದು. ಹಿಂದೆ ಚೀಟಿ ಅಂಟಿಸಿದೆ: ಕ, ರೇ. ಪರೀಕ್ಷೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ ಅಂದೆ. ನ್ಯಾಯ ಅಂದರೆ ನ್ಯಾಯ, ಅಂತ ಬೇರೆ ಸೇರಿಸಿದೆ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಬೂದುಗುಂಬಳ, ಕಡ್ಲೆಪುರಿ, ಬಾಳೆಕಂದು. ಹೆಂಡತಿ ಲತಾ ಬಂದಿದ್ದಳು, ಅವಳೇ ಗಂಧ ತೇದು ಕೊಟ್ಟಳು. ಲ್ಯಾಪ್‌ಟಾಪು, ಪ್ರಿಂಟರು, ಯುಪಿಎಸ್, ಫ್ಯಾನಿನ ಸ್ವಿಚ್ಚು, ಎಲ್ಲಕ್ಕೂ ನಾನೇ ಗಂಧ ಕುಂಕುಮ ಇಟ್ಟೆ. ಫೋನುಗಳ ಸಾಲು ಬಂದಾಗ, ಮುಂದೆ ಗಾಜು, ಎಲ್ಲಿ ಇಡೋದು ಅಂತ ಹಿಂದಕ್ಕೆ ತಿರುಗಿಸಿ ಇಟ್ಟೆ. ಮುನಿಯಣ್ಣನ ಎರಡು ಫೋನಿಗೂ. ಒಳ್ಳೆಯದಾಗಲಿ ಅಂದುಕೊಂಡೇ ಇಟ್ಟೆ. ಇದು ಸತ್ಯ, ಬರೆದಿಡುತ್ತೇನೆ.

ಕಲಾವತಿ ಮಗಳನ್ನು ಕರೆತಂದಿದ್ದಳು. ಆ ಮಗು ಮಾನಿಟರಿಗೆ ನಮಸ್ಕಾರ ಮಾಡಿತು.

ಅಕ್ಟೋಬರ್ 6, ಸೋಮವಾರ. ಬೆಳಗ್ಗೆ 8

ಇವತ್ತು ಪರೀಕ್ಷೆ. ಡ್ರಾಯರಿನಿಂದ ಎರಡು ಫೋನು ತೆಗೆದೆ. ಎರಡರ ಕ್ಯಾಮೆರಾ ಕಣ್ಣಿನ ಮೇಲೂ ಗಂಧ ಒಣಗಿ ಪೊರೆ ಕಟ್ಟಿದೆ. ಕುಂಕುಮ ಉದುರಿಹೋಗಿದೆ, ಪೊರೆ ಮಾತ್ರ ಇದೆ.

ಕರ್ಚೀಫು ತೆಗೆದೆ. ಬಾಯಿಯ ಆವಿ ಊದಿ, ರೇ ಚೀಟಿ ಇದ್ದದ್ದನ್ನು ಒರೆಸಿದೆ. ಚೆನ್ನಾಗಿ ಒರೆಸಿದೆ.

ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಕರ್ಚೀಫು ಇನ್ನೊಂದು ಕೈಯಲ್ಲೇ ಇತ್ತು.

ಬ್ಯಾಗಿಗೆ ಹಾಕಿದೆ. ಕೆಳಗೆ ಕಾರಿನ ಹತ್ತಿರ ಇಬ್ಬರೂ ಕಾಯುತ್ತಿದ್ದಾರೆ.

ಅದೇ ದಿನ, ಸಂಜೆ

ಮುಗಿಯಿತು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಕೆಂಗೇರಿ ಹತ್ತಿರದ ಗೋಡೌನು. ತಗಡಿನ ಶೀಟು, ಹಗಲೇ ಅರೆಗತ್ತಲು. ನೆಲದ ಮೇಲೆ ಟಾರ್ಪಾಲು ಹಾಸಿ ಸೌಟು, ಜಾಲರಿ, ಬಕೆಟ್ಟು, ಕೊಳಗ ಹರಡಿದ್ದರು. ಮುನಿಯಣ್ಣನ ಷರತ್ತು: ಫೋನು ಗೋಡೌನಿನವರೇ ಹಿಡಿಯಬೇಕು. ಆ್ಯಪ್ ಮಾಡಿದವರು ಬಾಗಿಲ ಹತ್ತಿರ ನಿಲ್ಲಬೇಕು. "ಮಾಡಿದೋರು ಹಿಡ್ಕಂಡ್ರೆ ಕುಣಿದೇ ಕುಣೀತದೆ. ನಮ್ಮೋರ್ ಕೈಲಿ ಕುಣೀಬೇಕು."

ಫೋನು ಹಿಡಿದದ್ದು ಶಿವಗಂಗಮ್ಮ. ಗೋಡೌನಿನ ಸಾಮಾನೆಲ್ಲ ಅವರ ಉಸ್ತುವಾರಿ. ಮೊದಲು ರೇ. ಎಣಿಕೆ ಸರಿ ಬಂತು. ಮತ್ತೆ ಹರಡಿದರು, ಮತ್ತೆ ಸರಿ. ಆಮೇಲೆ ಕ. ಸೌಟು ಕಮ್ಮಿ ಬಂತು. ಮತ್ತೆ ಹೊಡೆದರು, ಜಾಲರಿ ಕಮ್ಮಿ, ಬಕೆಟ್ಟು ಜಾಸ್ತಿ.

ಶಿವಗಂಗಮ್ಮ ಫೋನನ್ನು ಕಣ್ಣಿನ ಹತ್ತಿರ ತಂದರು. "ಯಾಕ್ ಸಾರ್, ಇದ್ರಲ್ಲಿ ಮಬ್ಬ್ ಮಬ್ಬಾಗಿ ಕಾಣ್ತದಲ್ಲ?"

ಪಕ್ಕದಲ್ಲಿದ್ದವನು ನಾನೊಬ್ಬನೇ.

"ಗೋಡೌನಿನ ಬೆಳಕಮ್ಮ," ಅಂದೆ. "ಅದಕ್ಕೂ ಹೊಂದ್ಕೋಬೇಕಲ್ಲ ಆ್ಯಪ್ಪು."

ಎಷ್ಟು ಸಲೀಸಾಗಿ ಬಂತು ಆ ಮಾತು. ಬೇಕಾದ ಮಾತಿಗೆ ವಾರಗಟ್ಟಲೆ ಒದ್ದಾಡಿದ ಬಾಯಿ.

ಮುನಿಯಣ್ಣ ಕೈ ಕೊಡವಿದರು. "ಬುಡಪ್ಪ, ಆ ಹುಡುಗನ್ದೇ ಇರ್ಲಿ. ದಿವ್ಯನ ಫೋನ್‌ಗೂ ಬತ್ತದಂತಲ್ಲ." ಕಲಾವತಿ ಕಡೆ ತಿರುಗಿ, "ಬೇಜಾರ್ ಮಾಡ್ಕಬ್ಯಾಡಮ್ಮ."

ಅವಳು ಬಾಗಿಲಲ್ಲಿ ನಿಂತಿದ್ದಳು. ಬೇಜಾರಿನ ಮುಖವಲ್ಲ ಅದು. ಮನೆಯ ವಿಳಾಸ ಮರೆತವರ ಮುಖ.

ವಾಪಸ್ ಬರುವಾಗ ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಬ್ಯಾಗಿನೊಳಗೆ ಕೈ ಹಾಕಿ, ನೋಡದೆ, ಕ ಫೋನನ್ನು ಒರೆಸಿದೆ. ಇಬ್ಬರೂ ಹಿಂದಿನ ಸೀಟಿನಲ್ಲಿದ್ದರು. ರೇವಂತ್ ಗೆದ್ದದ್ದಕ್ಕೆ ನಾಚಿಕೊಂಡು ಕೂತಿದ್ದ.

ಅಕ್ಟೋಬರ್ 9, ಗುರುವಾರ

ಕಲಾವತಿ ಫೋನು ಕೇಳಿದಳು. ಕೊಟ್ಟೆ. ಸ್ಪೂನು, ಲೋಟ, ಕಡ್ಲೇಬೀಜ. ಲೈಟು ಆರಿಸಿ, ಕರ್ಟನ್ ಎಳೆದು, ಟೇಬಲ್ ಕೆಳಗೆ ಕೂತು... ಎಲ್ಲ ಮಾಡಿದಳು. ಕೆಳಗಿನ ಬೇಕರಿಯಿಂದ ಬನ್ನು ತರಿಸಿ ಸಾಲಾಗಿ ಇಟ್ಟು ಎಣಿಸಿದಳು. ಪ್ರತಿ ಸಲವೂ ಸರಿ.

"ಒಂದ್ ಸಲಾನೂ ತಪ್ಪು ಬರ್ತಿಲ್ಲ ಸಾರ್."

"ಒಳ್ಳೇದಲ್ವೇನಮ್ಮ."

"ಅದೇ ಭಯ ಸಾರ್. ತಪ್ಪು ಬಂದ್ರೆ ಹಿಡೀಬಹುದು. ಬರದೇ ಇದ್ರೆ ಎಲ್ಲಿ ಅಂತ ಹುಡುಕ್ಲಿ?"

ಫೋನಿನಲ್ಲಿ ಜಾಗ ತುಂಬುತ್ತದೆ ಅಂತ ಫೋಟೊ ಉಳಿಸಬೇಡಿ ಅಂದವರು ಮುನಿಯಣ್ಣ. ಆವತ್ತಿನ ಒಂದು ಫೋಟೊ ಇದ್ದಿದ್ದರೆ ಒಂದು ನಿಮಿಷದಲ್ಲಿ ಅವಳಿಗೆ ತಿಳಿಯುತ್ತಿತ್ತು. ಇಲ್ಲ ಅಂತ ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ಮೈಯೆಲ್ಲ ಹೇಸಿಗೆ ಆಯಿತು.

ತಮಾಷೆ ಏನೆಂದರೆ, ನಿರ್ಧಾರ ಸರಿಯಾಗೇ ಇತ್ತು. ಯಾವ ಲೆಕ್ಕದಲ್ಲಿ ನೋಡಿದರೂ ಕ್ರಾಸೇ. ನೇರವಾಗಿ ಹೇಳಿದ್ದರೆ ಅವಳು ಒಂದು ದಿನ ಅತ್ತು, ಮಾರನೇ ದಿನ ಬೇರೆ ಕೆಲಸ ಹುಡುಕುತ್ತಿದ್ದಳು. ಕೆಲಸ ಮಾತ್ರ ಹೋಗುತ್ತಿತ್ತು. ಈಗ ಕೆಲಸಗಾರ್ತಿಯೇ ಹೋಗುತ್ತಿದ್ದಾಳೆ.

ಅಕ್ಟೋಬರ್ 17, ಶುಕ್ರವಾರ

ಬೆಳಗ್ಗೆ ನನ್ನ ಟೇಬಲ್ ಮುಂದೆ ನಿಂತಳು. ಕೂರು ಅಂದರೂ ಕೂರಲಿಲ್ಲ.

"ನಾನ್ ಬಿಡ್ತೀನಿ ಸಾರ್. ಹಬ್ಬಕ್ಕೆ ಮುಂಚೆ ಹೇಳ್ಬಾರ್ದು ಅಂತಿದ್ದೆ, ಆದ್ರೆ ನೀವು ನನ್ಗೆ ಹೇಳಕ್ಕಾಗ್ದೆ ಒದ್ದಾಡ್ತಿರೋದು ಕಾಣುತ್ತೆ."

"ಯಾರ್ ಹೇಳಿದ್ರು ಹಾಗಂತ?"

"ಮುಖ ಸಾರ್. ನಿಮ್ಗೆ ಮಾತು ಬರ್ದೇ ಇರೋದನ್ನ ನಾನ್ ನೋಡೇ ಇಲ್ಲ."

ಅವಳಾಗಿ ಹೋಗಬೇಕು ಅಂತಲೇ ಇಷ್ಟೆಲ್ಲ ಹೂಡಿದ್ದು. ಹೂಡಿದ ಹಾಗೇ ಆಯಿತು. ಒಂದು ಸಲ, ಒಂದೇ ಒಂದು ಸಲ, ಗಂಟಲ ತನಕ ಬಂತು: ಕಲಾವತಿ, ನಿನ್ನ ಕೋಡು ಸರಿ ಇತ್ತು. ಅಷ್ಟರಲ್ಲಿ ಕೊರಿಯರ್‌ನವನು ಬಂದ. ಸೈನ್ ಹಾಕಿದೆ. ತಲೆ ಎತ್ತಿದಾಗ ಅವಳು ತನ್ನ ಟೇಬಲ್ ಖಾಲಿ ಮಾಡುತ್ತಿದ್ದಳು.

ಸಂಜೆ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದಳು. ಎರಡು ತಿಂಗಳ ಸಂಬಳ ಜಾಸ್ತಿ ಕೊಟ್ಟೆ. "ಇಷ್ಟೊಂದ್ ಯಾಕ್ ಸಾರ್, ನೀವು ಯಾವಾಗ್ಲೂ ಹೀಗೇ" ಅಂದಳು. ಅವಳ ಪಾಲಿಗೆ ನಾನು ಇನ್ನೂ ದೊಡ್ಡ ಮನುಷ್ಯ.

ಮೈಸೂರ್ ಪಾಕ್ ತಿನ್ನಲಾಗಲಿಲ್ಲ. ಸಕ್ಕರೆ ಇದೆ ಅಂತ ಹೇಳಿದೆ. ನನಗೆ ಸಕ್ಕರೆ ಕಾಯಿಲೆ ಇಲ್ಲ.

ನವೆಂಬರ್ 10, ಸೋಮವಾರ

ಬಹಳ ದಿನವಾಯಿತು ಬರೆದು. ಬರೆಯಲು ಕೂತರೆ ಅದೇ ಬರುತ್ತದೆ, ಅದಕ್ಕೆ.

ಮುನಿಯಣ್ಣ ಖುಷಿಯಾಗಿದ್ದಾರೆ. ಮೊದಲ ಮದುವೆಯ ಸೌಟೆಲ್ಲ ವಾಪಸ್. ದಿವ್ಯ ಮನೆಯಲ್ಲಿ ಕೂತು ಐಫೋನಿನಲ್ಲಿ ನೋಡುತ್ತಾಳಂತೆ. ಇನ್ನಿಬ್ಬರು ಶಾಮಿಯಾನದವರು ಕೇಳಿಕೊಂಡು ಬಂದಿದ್ದಾರೆ. ಜಮಾ ಕಡೆ ಇಷ್ಟು.

ಖರ್ಚಿನ ಕಡೆ... ಹೋದ ವಾರ ಗೋಡೌನಿನ ಫೋನುಗಳಿಗೆ ಅದೇನೋ ಅಪ್‌ಡೇಟ್ ಬಂತು, ನಮ್ಮ ಆ್ಯಪಿನಲ್ಲಿ ಕ್ಯಾಮೆರಾ ಕಪ್ಪಾಯಿತು. ರೇವಂತ್ ಬಳಸಿದ್ದು ಎಲ್ಲೋ ಯಾರೋ ಬರೆದಿಟ್ಟ ರೆಡಿಮೇಡ್ ತುಂಡು. ಅವರು ಸರಿಮಾಡುವ ತನಕ ಕಾಯಬೇಕು. ಎರಡೇ ದಿನದಲ್ಲಿ ಮುನಿಯಣ್ಣನಿಗೆ ದೊಡ್ಡ ಮದುವೆ. ಗುರುವಾರ ಮಧ್ಯಾಹ್ನ ಕಪ್ಪಗಿದ್ದದ್ದು ಶುಕ್ರವಾರ ಬೆಳಗ್ಗೆ ಸರಿಯಾಗಿತ್ತು.

"ಶಭಾಷ್ ಕಣೋ," ಅಂದೆ.

"ನಾನಲ್ಲ ಸಾರ್, ಕಲಾ ಅಕ್ಕ. ಆ ತುಂಡನ್ನ ಕಿತ್ತಾಕಿ ನೇಟಿವ್ವಲ್ಲೇ ಬರ್ದು ಒಳಗೆ ಕೂರ್ಸಿ ಕೊಟ್ರು. ಫೋನಲ್ಲೇ ಹೇಳ್ಕೊಟ್ರು."

ಒಂದೇ ಒಲೆಯ ಅಡುಗೆ ಅಂತ ಊರಿಗೆಲ್ಲ ಹೇಳಿದವನು. ಕೊನೆಗೆ ಒಗ್ಗರಣೆಗೆ ಅವಳ ಒಲೆಯೇ ಬೇಕಾಯಿತು.

"ಎಷ್ಟಾಗುತ್ತೆ ಅಂತ ಕೇಳಿದ್ಯಾ?"

"ಕೇಳ್ದೆ. ಬೈದ್ರು. ಆವತ್ತು ನನ್ನಿಂದ ಸಾರ್ ಮುಖ ಕೆಳಗಾಯ್ತು, ಇಷ್ಟಾದ್ರೂ ಮಾಡ್ಬೇಡ್ವೇನೋ ಅಂದ್ರು."

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ನೀರು ದಂಡ.

ನವೆಂಬರ್ 18, ಮಂಗಳವಾರ

ಬಸವೇಶ್ವರನಗರದಲ್ಲಿ ಕಲಾವತಿ ಸಿಕ್ಕಳು. ಸಿಕ್ಕಳು ಅಂತ ಬರೆದರೆ ಸುಳ್ಳು. ಅವಳ ಅಣ್ಣನ ಸ್ಟೇಷನರಿ ಅಂಗಡಿಯಲ್ಲಿ ಕೂರುತ್ತಾಳೆ ಅಂತ ಲತಾ ಹೇಳಿದ್ದಳು, ಒಂದು ಜೆರಾಕ್ಸ್ ನೆಪ ಮಾಡಿಕೊಂಡು ಹೋದೆ.

ಯಾರದೋ ಮಾರ್ಕ್ಸ್ ಕಾರ್ಡು ಲ್ಯಾಮಿನೇಟ್ ಮಾಡುತ್ತಿದ್ದಳು. ನಕ್ಕಳು.

"ಇದು ಆರಾಮ ಸಾರ್. ಮೆಷಿನ್ನಿಗೆ ಹಾಕಿದ್ದು ಹಾಗೇ ಆಚೆ ಬರುತ್ತೆ."

"ಆ್ಯಪ್ ಕೆಲಸ?"

"ಬಿಟ್ಬಿಟ್ಟೆ ಸಾರ್. ರೇವಂತ್‌ಗೆ ಬರ್ಕೊಟ್ಟಿದ್ದೇ ಕೊನೇದು. ಮನೇಲಿ ಕೂತು ಆ ಕೋಡನ್ನ ಸಾಲು ಸಾಲು ಓದ್ದೆ. ಸಿಗ್ಲಿಲ್ಲ. ನಾನ್ ಬರ್ದಿದ್ರಲ್ಲೇ ತಪ್ಪೆಲ್ಲಿ ಅಂತ ನನ್ಗೇ ಗೊತ್ತಾಗ್ದೆ ಇದ್ರೆ, ಇನ್ನೊಬ್ರಿಗೆ ಹೆಂಗ್ ಬರ್ಕೊಡ್ಲಿ?"

ಜೆರಾಕ್ಸಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದಾಗ ಲತಾ ಅವರೆಕಾಯಿ ಸುಲಿಯುತ್ತಿದ್ದಳು. ಅವರಿಬ್ಬರೂ ಆಗಾಗ ಮಾತಾಡುತ್ತಾರೆ. "ಚೆನ್ನಾಗಿದಾಳಲ್ಲ, ನಗ್ತಾ ಇದ್ಲು," ಅಂದೆ.

"ನಿಮ್ ಮುಂದೆ ನಗ್ತಾಳೆ ರೀ," ಅಂದಳು ಲತಾ, ತಲೆ ಎತ್ತದೆ. "ಗಂಡನ ಹತ್ರಾನೂ ಮಾತು ಕಮ್ಮಿ ಮಾಡಿದಾಳಂತೆ. ನೀವೇನಾದ್ರೂ ಅಂದ್ರಾ ಅವ್ಳಿಗೆ?"

"ನಾನೇನೂ ಅನ್ನಲಿಲ್ಲ."

ಇಡೀ ಪ್ರಕರಣದಲ್ಲಿ ನಾನಾಡಿದ ಒಂದೇ ನಿಜ ಅದು.

ನವೆಂಬರ್ 27, ಗುರುವಾರ

ಹನ್ನೊಂದು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಫೋನು. ರಾಗಿಣಿ ಅಂತ. ರಾಜರಾಜೇಶ್ವರಿನಗರದಲ್ಲಿ ಕಂಪನಿ. ಔಷಧಿ ಅಂಗಡಿಗಳಿಗೆ ಆ್ಯಪ್ ಮಾಡುತ್ತಾರೆ, ಮಾತ್ರೆ ಪಟ್ಟಿಗಳನ್ನು ಕ್ಯಾಮೆರಾದಲ್ಲಿ ಎಣಿಸುವುದು. ಅವರಿಗೆ ನೇಟಿವ್ವೇ ಬೇಕು. ಕಲಾವತಿಯ ರೆಸ್ಯೂಮೆ ಅವರಿಗೆ ಕಳಿಸಿದ್ದು ರೇವಂತ್, ಅವಳನ್ನು ಕಾಡಿ ಬೇಡಿ ಒಪ್ಪಿಸಿ.

ಖುಷಿಯಾಯಿತು. ಶುರು ಹಚ್ಚಿಕೊಂಡೆ. ಇಂಥ ಹುಡುಗಿ ಸಿಗಲ್ಲ ಮೇಡಂ, ಶಿಸ್ತು, ಶ್ರದ್ಧೆ... ಅವರು ನನ್ನನ್ನು ಅರ್ಧಕ್ಕೆ ತಡೆದರು.

"ಅದೆಲ್ಲ ನಮಗೂ ಗೊತ್ತಾಯ್ತು ಸಾರ್. ನಾವು ತಗೊಳ್ಳೋಕೆ ರೆಡಿ. ಅವರೇ ಬೇಡ ಅಂತಿದಾರೆ."

"ಯಾಕಂತೆ?"

"ಒಂದು ಫೀಲ್ಡ್ ಟೆಸ್ಟಲ್ಲಿ ನನ್ನ ಪ್ರೋಗ್ರಾಂ ತಪ್ಪೆಣಿಸ್ತು, ಕಾರಣ ಇವತ್ತಿಗೂ ಸಿಕ್ಕಿಲ್ಲ, ಮಾತ್ರೆ ಎಣಿಸೋ ಕಡೆ ನನ್ನ ಇಟ್ಕೋಬೇಡಿ ಅಂದ್ರು. ಇಂಟರ್‌ವ್ಯೂನಲ್ಲಿ ಹಾಗೆ ಹೇಳಿದೋರನ್ನ ನಾನು ಇವರೊಬ್ಬರನ್ನೇ ನೋಡಿದ್ದು. ಅದಕ್ಕೇ ಫೋನ್ ಮಾಡ್ದೆ. ನಿಜವಾಗ್ಲೂ ಕೋಡಲ್ಲಿ ತಪ್ಪಿತ್ತಾ?"

"ಇಲ್ಲ ಮೇಡಂ. ಅದು ಫೋನಿನ ತೊಂದ್ರೆ."

ಬಾಯಿಂದ ಹೋಯಿತು. ಪರರ ಮುಂದೆ ಎಷ್ಟು ಸುಲಭ.

"ಫೋನಿನ ತೊಂದ್ರೆ ಅಂತ ನಿಮಗೆ ಗೊತ್ತಿತ್ತಾ?"

"...ಆಮೇಲೆ ಗೊತ್ತಾಯ್ತು."

"ಮತ್ತೆ ಅವರಿಗೆ ಯಾಕೆ ಹೇಳ್ಲಿಲ್ಲ?"

ಕೆಳಗೆ ಬೇಕರಿಯವನು ಬನ್ನಿನ ಟ್ರೇ ಇಳಿಸುತ್ತಿದ್ದ. ಕಿಟಕಿಯಿಂದ ಅವನ್ನು ಎಣಿಸಿದೆ.

"ಸರಿ," ಅಂದರು ರಾಗಿಣಿ. "ಒಂದು ಮೇಲ್ ಹಾಕಿ ಸಾರ್. ಏನಾಗಿತ್ತು ಅಂತ. ಕಲಾವತಿಯವ್ರಿಗೂ ಸಿಸಿ ಹಾಕಿ. ಸೋಮವಾರದ ತನಕ ಈ ಜಾಗ ಖಾಲಿ ಇಟ್ಟಿರ್ತೀನಿ."

ಕಲಾವತಿಗೂ ಸಿಸಿ. ಅವರು ಎಷ್ಟು ಸಲೀಸಾಗಿ ಹೇಳಿದರು.

ನವೆಂಬರ್ 29, ಶನಿವಾರ

ಮೇಲ್ ಬರೆದೆ. ಅಳಿಸಿದೆ. ಮತ್ತೆ ಬರೆದೆ.

ಮೊದಲನೆಯದು: ಬೆಳಕು ಕಮ್ಮಿ ಇತ್ತು. ಅದು ನಡೆಯುವುದಿಲ್ಲ. ಟೇಬಲ್ ಕೆಳಗೆ ಕೂತು ಎಣಿಸಿ ನೋಡಿದವಳು ಅವಳು.

ಎರಡನೆಯದು ಪೂರ್ತಿ ಬರೆದೆ. ಕರ್ಚೀಫು, ಒಂದು ಕೈ, ಇನ್ನೊಂದು ಕೈ. ಓದಿದೆ. ಯಾರೋ ಕಳ್ಳನ ಬಗ್ಗೆ ಓದಿದ ಹಾಗಾಯಿತು. ರಾಗಿಣಿ ಇದನ್ನು ನಾಲ್ಕು ಜನಕ್ಕೆ ಹೇಳದೆ ಇರುತ್ತಾರೆಯೇ? ಮುನಿಯಣ್ಣನ ಕಿವಿಗೆ ಬಿದ್ದರೆ? ರೇವಂತ್... ಅವನು ಆ ಗೆಲುವಿನ ಮೇಲೆ ಇಎಂಐ ಹಾಕಿ ಬೈಕ್ ತೆಗೆದುಕೊಂಡಿದ್ದಾನೆ.

ಮೂರನೆಯದು ಹೊಳೆದದ್ದು ಸ್ನಾನ ಮಾಡುವಾಗ. ಆಯುಧಪೂಜೆಯ ದಿನ ಇಟ್ಟ ಗಂಧ ಆ ಫೋನಿನ ಕ್ಯಾಮೆರಾ ಮೇಲೆ ಒಣಗಿ ಉಳಿದಿತ್ತು. ಪರೀಕ್ಷೆಗೆ ಮುಂಚೆ ಒರೆಸದೆ ಇದ್ದದ್ದು ನನ್ನ ತಪ್ಪು. ಕಲಾವತಿಯವರ ಕೋಡಿನಲ್ಲಿ ಯಾವ ದೋಷವೂ ಇರಲಿಲ್ಲ.

ಒಂದೊಂದು ಪದವೂ ನಿಜ. ಕೋರ್ಟಿನಲ್ಲೂ ನಿಲ್ಲುತ್ತದೆ. ಅವಳಿಗೆ ಕಾರಣ ಸಿಗುತ್ತದೆ, ಕೆಲಸ ಸಿಗುತ್ತದೆ. ನಾನು ಮರೆಗುಳಿ ಆಗುತ್ತೇನೆ, ಅಷ್ಟೇ. ಮರೆಗುಳಿಯನ್ನು ಎಲ್ಲರೂ ಕ್ಷಮಿಸುತ್ತಾರೆ. ಎರಡೂ ಕಡೆ ತಾಳೆಯಾಗುವ ಲೆಕ್ಕ.

ಡಿಸೆಂಬರ್ 1, ಸೋಮವಾರ. ಬೆಳಗ್ಗೆ 10

ಮೂರನೆಯದನ್ನೇ ಕಳಿಸಿದೆ. ರಾಗಿಣಿಗೆ. ಕಲಾವತಿಗೆ ಸಿಸಿ.

ಎದ್ದು ಮನಿ ಪ್ಲಾಂಟಿಗೆ ನೀರು ಹಾಕಿದೆ. ರೇವಂತ್ "ಸಾರ್, ನಾನಾಗ್ಲೇ ಹಾಕ್ದೆ" ಅಂದ. ಆದರೂ ಹಾಕಿದೆ.

10.40

ರಾಗಿಣಿಯ ಉತ್ತರ, ಒಂದೇ ಸಾಲು. ಥ್ಯಾಂಕ್ಸ್, ಕಲಾವತಿಯವರ ಹತ್ತಿರ ಮಾತಾಡುತ್ತೇನೆ.

ಹಗುರಾಗಬೇಕಿತ್ತು. ದರ್ಶಿನಿಗೆ ಹೋಗಿ ಪೂರ್ತಿ ಕಾಫಿ ತೆಗೆದುಕೊಂಡೆ. ಅರ್ಧಕ್ಕೆ ಬಿಟ್ಟು ಬಂದೆ.

ಮಧ್ಯಾಹ್ನ 12.15

ಕಲಾವತಿಯಿಂದ ವಾಟ್ಸ್ಆ್ಯಪ್. ಮೊದಲು ನಮಸ್ಕಾರದ ಕೈ. ಆಮೇಲೆ: "ಸಾರ್, ಮೇಲ್ ನೋಡಿದೆ. ತುಂಬಾ ಹೊತ್ತು ಅತ್ತೆ. ನಮ್ಮತ್ತೆ ಹೆದರಿಬಿಟ್ಟರು. ರಾಗಿಣಿ ಮೇಡಂಗೆ ಹೂಂ ಅಂದಿದೀನಿ. ಹದಿನೈದನೇ ತಾರೀಖು ಸೇರ್ತೀನಿ. ಆ ಕೋಡನ್ನ ಇನ್ನು ಓದಲ್ಲ. ಥ್ಯಾಂಕ್ಸ್ ಸಾರ್."

ಮುಗಿಯಿತು ಅಂದುಕೊಂಡೆ. ಫೋನು ಮಗುಚಿ ಇಟ್ಟೆ.

12.30

ಇನ್ನೊಂದು ಬಂತು.

"ಒಂದೇ ಡೌಟು ಸಾರ್. ಪೂಜೆ ದಿನ ನಾನು ಪಕ್ಕದಲ್ಲೇ ಇದ್ದೆ. ನೀವು ಎರಡು ಫೋನಿಗೂ ಗಂಧ ಇಟ್ಟಿರಿ. ರೇವಂತ್ ಫೋನಲ್ಲಿ ಯಾಕೆ ಸರಿಯಾಗಿ ಬಂತು? ಕೆಲಸದ ವಿಷ್ಯ ಆಯ್ತು ಸಾರ್, ಇದು ಬರೀ ತಿಳ್ಕೊಳ್ಳೋಕೆ."

ಹೌದು. ಕೇಳಿಯೇ ಕೇಳುತ್ತಾಳೆ. ಒಂದೇ ಥರದ ಎರಡರಲ್ಲಿ ಒಂದು ಕೆಟ್ಟರೆ ಇನ್ನೊಂದು ಯಾಕೆ ಕೆಡಲಿಲ್ಲ ಅಂತ ನೋಡುವುದು ಅವಳ ಕೆಲಸ. ಅದಕ್ಕೇ ಅವಳಿಗೆ ಸಂಬಳ ಕೊಡುತ್ತಿದ್ದೆ.

ಉತ್ತರಗಳು ಸಾಲುಗಟ್ಟಿ ಬಂದು ನಿಂತಿವೆ. ಅವನ ಫೋನಿನಲ್ಲಿ ಬೊಟ್ಟು ಪಕ್ಕಕ್ಕೆ ಬಿದ್ದಿತ್ತಮ್ಮ. ಬ್ಯಾಗಿನಲ್ಲಿ ತಿಕ್ಕಿ ತಾನೇ ಹೋಗಿರಬೇಕು. ಶಿವಗಂಗಮ್ಮ ಸೆರಗಿನಲ್ಲಿ ಒರೆಸಿರಬೇಕು. ಒಂದಕ್ಕಿಂತ ಒಂದು ಚೆನ್ನಾಗಿದೆ. ಯಾವುದನ್ನು ಕಳಿಸಿದರೂ ನಂಬುತ್ತಾಳೆ. ಕೆಲಸ ಸಿಕ್ಕಾಯಿತು, ಅವಳಿಗೆ ನಷ್ಟವೂ ಇಲ್ಲ.

ಎರಡು ನೀಲಿ ಗೆರೆ. ನಾನು ಓದಿದ್ದು ಅವಳಿಗೆ ಕಾಣುತ್ತಿದೆ.

ಎದುರಿಗೆ ರೇವಂತ್ ಟಿಫನ್ ಬಾಕ್ಸ್ ಬಿಚ್ಚುತ್ತಿದ್ದಾನೆ. "ಸಾರ್, ಚಿತ್ರಾನ್ನ ತಗೋತೀರಾ?" ಬೇಡ ಅಂದೆ. ಅವನಿಗೂ ಹೇಳಬೇಕಾಗುತ್ತದೆ. ಮೊದಲು ಅವಳಿಗೆ.

12.50

ಫೋನಿನಲ್ಲಿ ಬೆರಳು ಓಡುತ್ತಿಲ್ಲ. ಇಲ್ಲಿ ಬರೆದುಕೊಂಡು, ಆಮೇಲೆ ನೋಡಿ ಟೈಪ್ ಮಾಡುತ್ತೇನೆ. ಸುತ್ತಿ ಬಳಸದೆ.

ಕಲಾವತಿ, ರೇವಂತ್ ಫೋನನ್ನ ನಾನು ಒರೆಸಿದೆ. ನಿನ್ನದನ್ನ ಬೇಕಂತಲೇ ಒರೆಸಲಿಲ್ಲ.